ಐದು ಮಹಡಿ, ನಾಲ್ಕು ನಿಮಿಷ

ಮೂರನೇ ಮಹಡಿಯ ತಿರುವಿನಲ್ಲಿ ತಾತ ಅಂಗೈ ಎತ್ತಿದರು. ಮೊಮ್ಮಗಳು ಮೆಣಸು ವಾಚಿನ ಗುಂಡಿ ಒತ್ತಿದಳು. ಅಂಕಿಗಳು ನಿಂತವು.

ತಾತ ಕಂಬಿ ಹಿಡಿದು ಗೋಡೆಗೆ ಒರಗಿದರು. ಎದೆ ತಿದಿಯ ಹಾಗೆ ಏರಿಳಿಯುತ್ತಿತ್ತು. ಮೇಲಿನಿಂದ ಯಾರೋ ಇಳಿದು ಬಂದಾಗ, ಕಂಬಿಯ ಸ್ಕ್ರೂ ಸಡಿಲವಾಗಿದೆಯೇ ಎಂದು ನೋಡುವವರ ಹಾಗೆ ಬಗ್ಗಿದರು.

“ಹೂಂ, ಈಗ ಒತ್ತು.”

ಅಂಕಿಗಳು ಮತ್ತೆ ಓಡಿದವು.

ಮೆಣಸು ಎಂಬ ಹೆಸರಿಟ್ಟವರೂ ತಾತನೇ. ಹತ್ತು ವರ್ಷ ತುಂಬಿದರೂ ಇರುವುದು ಇಷ್ಟೇ ಇಷ್ಟು, ಬಾಯಿ ಮಾತ್ರ ಖಾರ ಎನ್ನುತ್ತಿದ್ದರು.

ಈ ಸಲದ ರಜೆಗೆ ಮನೆಮಂದಿಯೆಲ್ಲ ಬೆಟ್ಟದ ಮೇಲಿನ ನಾಲ್ಕು ಸರೋವರ ನೋಡಲು ಹೋಗುವುದೆಂದು ಮಾತಾಗಿತ್ತು. ಬಸ್ ಡ್ರೈವರ್ ಆಗಿದ್ದ ಅಪ್ಪನಿಗೆ ಆರು ವರ್ಷದಲ್ಲಿ ಮೊದಲ ಸಲ ಹತ್ತು ದಿನ ಒಟ್ಟಿಗೆ ರಜೆ ಸಿಕ್ಕಿತ್ತು. ಅತ್ತೆ ಊಟದ ಮೇಜಿನ ಮೇಲೆ ಮ್ಯಾಪ್ ಹರಡಿದ್ದಳು. ಅದನ್ನು ಸರಿಸಿಯೇ ತಟ್ಟೆ ಇಡಬೇಕಿತ್ತು. ನಾಲ್ಕನೇ ಸರೋವರ ಎಲ್ಲಕ್ಕಿಂತ ಎತ್ತರದಲ್ಲಿದೆ, ಅದರ ಅಂಚಿನಲ್ಲಿ ಯಾವಾಗಲೂ ಐಸ್ ಇರುತ್ತದಂತೆ. ಮೆಣಸು ಕ್ಲಾಸಿನಲ್ಲಿ ಎಲ್ಲರಿಗೂ ಹೇಳಿಯಾಗಿತ್ತು.

ಅಡ್ಡ ಬಂದದ್ದು ಡಾಕ್ಟರು. ಮೇಲೆ ಗಾಳಿ ತೆಳು, ತಾತನ ಉಸಿರು ಸಾಲದೆ ಹೋಗಬಹುದು ಎಂದರು. ಐದು ಮಹಡಿಯನ್ನು ಎಲ್ಲೂ ನಿಲ್ಲದೆ ನಾಲ್ಕು ನಿಮಿಷದೊಳಗೆ ಹತ್ತಬೇಕು, ಒಂದು ವಾರ ದಿನಾ ಬರೆದು ತರಬೇಕು, ಆಮೇಲೆ ನೋಡೋಣ. ತಾತ ಬರದಿದ್ದರೆ ತಾನೂ ಹೊಸ್ತಿಲು ದಾಟುವುದಿಲ್ಲ ಎಂದು ಅಜ್ಜಿ ಅಂದೇ ಹೇಳಿಬಿಟ್ಟರು. ಅವರಿಬ್ಬರನ್ನು ಬಿಟ್ಟು ಉಳಿದವರು ಹೋಗುವ ಮಾತೇ ಇರಲಿಲ್ಲ.

ತಾತ ನಲವತ್ತು ವರ್ಷ ಲಿಫ್ಟ್ ರಿಪೇರಿ ಮಾಡಿದವರು. ಜನ ಮೆಟ್ಟಿಲು ಹತ್ತಬಾರದು ಅಂತ ಜೀವ ತೇದವನಿಗೇ ಈ ಪರೀಕ್ಷೆ ನೋಡು ಎಂದು ಮೊದಲ ದಿನ ನಗಿಸಿದ್ದರು. ಎರಡನೇ ದಿನ ನಗಿಸಲಿಲ್ಲ, ಅಂಗೈ ಎತ್ತಿದರು. ಲಿಫ್ಟಿನ ವೇಗ ಅಳೆಯುವಾಗ ಅದು ಬಾಗಿಲು ತೆರೆದು ನಿಂತ ಹೊತ್ತು ಲೆಕ್ಕಕ್ಕಿಲ್ಲ, ಓಡಿದ ಹೊತ್ತಷ್ಟೇ ಲೆಕ್ಕ ಎಂದು ವಿವರಿಸಿದರು. ಮೆಣಸಿಗೆ ಅದು ಸರಿಯೆನಿಸಿತು. ಸರಿಯೆನಿಸಲಿ ಎಂಬ ಆಸೆ ಅವಳಿಗೂ ಇತ್ತು.

ಆರನೇ ದಿನ ತಾತ ಎರಡನೇ ಮಹಡಿಯಲ್ಲೇ ಕೂತುಬಿಟ್ಟರು. ತುಟಿ ನೇರಳೆ ಬಣ್ಣಕ್ಕೆ ತಿರುಗಿತ್ತು. ಪಕ್ಕದ ಮನೆಯ ಟೀವಿಯಲ್ಲಿ ವಾರ್ತೆ ಮುಗಿದು ಜಾಹೀರಾತು ಬಂತು. ಅದೂ ಮುಗಿಯಿತು. ವಾಚು ಮಾತ್ರ ಒಂದು ನಿಮಿಷ ಐವತ್ತು ಸೆಕೆಂಡಿನಲ್ಲೇ ನಿಂತಿತ್ತು.

“ತಾತ, ಅಪ್ಪನ್ನ ಕರೀಲಾ?”

“ಸುಮ್ನಿರು. ಇನ್ನೊಂದೇ ದಿನ.”

ಮೆಣಸು ಆ ತುಟಿಯನ್ನೇ ನೋಡುತ್ತ ನಿಂತಳು. ಬೆಟ್ಟದ ಮೇಲೆ ಗಾಳಿ ಇನ್ನೂ ತೆಳು.

ಮನೆಯಲ್ಲಿ ಅಪ್ಪ ರೂಮು ಬುಕ್ ಮಾಡಲು ಫೋನ್ ಹಿಡಿದು ಕೂತಿದ್ದ. ಇವತ್ತು ಎಷ್ಟಾಯಿತು ಎಂದು ಕೇಳಿದ. ತಾತ ಮೂರು ನಿಮಿಷ ಐವತ್ತು ಸೆಕೆಂಡ್ ಎಂದರು. ಅತ್ತೆ ಬರೆದುಕೊಳ್ಳಲು ಪೆನ್ನು ತೆಗೆದಳು.

“ಅಲ್ಲ,” ಎಂದಳು ಮೆಣಸು. “ಮಧ್ಯ ಮಧ್ಯ ನಾನು ವಾಚ್ ನಿಲ್ಲಿಸ್ತಿದ್ದೆ. ಎರಡನೇ ದಿನದಿಂದ. ತಾತನಿಗೆ ಹತ್ತೋಕೆ ಆಗ್ತಿಲ್ಲ.”

ಅಪ್ಪ ತಾತನ ಕಡೆ ನೋಡಿದ.

“ಅವಳಿಗೆಲ್ಲಿ ವಾಚ್ ನೋಡೋಕೆ ಬರುತ್ತೆ,” ಎಂದರು ತಾತ, ಅವಳ ಮುಖ ನೋಡದೆ.

ಮೆಣಸಿನ ಕಿವಿ ಬಿಸಿಯಾಯಿತು. ಗಂಟೆ ನೋಡಲು ಅವಳಿಗೆ ಕಲಿಸಿದವರೇ ಅವರು.

ಅಪ್ಪ ಫೋನ್ ಕೆಳಗಿಟ್ಟ. “ಬನ್ನಿ ಅಪ್ಪ, ನಾನೂ ಬರ್ತೀನಿ. ಇನ್ನೊಂದ್ಸಲ ಹತ್ತೋಣ.”

ತಾತ ಬಾಗಿಲಿನತ್ತ ನೋಡಿದರು. ಆಮೇಲೆ ಒಳಗೆ ಹೋಗಿ ಗೋಡೆಗೆ ಮುಖ ಮಾಡಿ ಮಲಗಿಬಿಟ್ಟರು. ಇಷ್ಟು ದಿನ ಬಾಯಿಗೆ ಬೀಗ ಹಾಕಿಕೊಂಡಿದ್ದೆಯಾ ಎಂದು ಅತ್ತೆ ಮೆಣಸನ್ನು ಬೈದಳು. ಮ್ಯಾಪ್ ಮಡಚಲು ಹೋದಳು. ಹಳೆಯ ಮಡಿಕೆ ಸಿಗದೆ ಹೇಗೋ ಸುತ್ತಿಟ್ಟಳು.

ಮರುದಿನ ಆಸ್ಪತ್ರೆಯಲ್ಲಿ ತಾತನನ್ನು ಬೆಳಿಗ್ಗೆಯಿಂದ ಸಂಜೆವರೆಗೆ ಪರೀಕ್ಷೆ ಮಾಡಿದರು. ಹೃದಯ ಸೋತಿದೆ, ಬೆಟ್ಟದ ಮಾತಿರಲಿ, ಅಂಗಡಿಗೂ ಒಬ್ಬರನ್ನೇ ಕಳಿಸಬೇಡಿ ಎಂದರು ಡಾಕ್ಟರು. ಅಪ್ಪ ರಜೆ ರದ್ದು ಮಾಡಿಸಿ ಕೆಲಸಕ್ಕೆ ಹೋದ. ಐಸ್ ತರುತ್ತೀಯಾ ಎಂದು ಕ್ಲಾಸಿನಲ್ಲಿ ಕೇಳಿದಾಗ ಮೆಣಸು ಬ್ಯಾಗಿನೊಳಗೆ ಪುಸ್ತಕ ಹುಡುಕತೊಡಗಿದಳು. ತಾತ ಅವಳೊಂದಿಗೆ ಮಾತು ಬಿಟ್ಟಿದ್ದರು. ಅವಳ ಕೈಗೆಟುಕುವಲ್ಲೇ ನೀರಿನ ಲೋಟ ಇದ್ದರೂ ಅಜ್ಜಿಯನ್ನು ಕೂಗುತ್ತಿದ್ದರು.

ಆಸ್ಪತ್ರೆಯಿಂದ ಬಂದ ನಾಲ್ಕನೇ ದಿನ ಬೆಳಿಗ್ಗೆ ಮೆಣಸನ್ನು ಸ್ಕೂಲ್ ವ್ಯಾನಿಗೆ ಬಿಡಲು ಅಮ್ಮ ಹೊರಟಾಗ, ನಾನು ಬಿಟ್ಟು ಬರುತ್ತೇನೆ ಎಂದು ತಾತ ಎದ್ದರು. ಅಮ್ಮ ಬೇಡ ಎನ್ನಲಿಲ್ಲ. ಹತ್ತು ಹೆಜ್ಜೆ ಹಿಂದೆ ತಾನೂ ಬಂದಳು.

ಲಿಫ್ಟಿನಲ್ಲಿ ಮಾತಿಲ್ಲ. ಅಂಗಳದಲ್ಲೂ ಇಲ್ಲ. ಗೇಟಿಗೆ ಇನ್ನೂ ಅರ್ಧ ದಾರಿ ಇರುವಾಗ ತಾತನ ಉಸಿರು ಸಣ್ಣಗೆ ಸಿಳ್ಳೆ ಹಾಕತೊಡಗಿತು. ಆದರೂ ಅವರು ನಡೆಯುತ್ತಲೇ ಇದ್ದರು.

ಮೆಣಸು ನಿಂತಳು. ಬಗ್ಗಿ, ಬಿಗಿಯಾಗಿಯೇ ಇದ್ದ ಶೂ ಲೇಸನ್ನು ಬಿಚ್ಚಿದಳು. ನಿಧಾನವಾಗಿ ಮತ್ತೆ ಕಟ್ಟತೊಡಗಿದಳು. ತಾತನೂ ಅವಳ ಪಕ್ಕದಲ್ಲಿ ನಿಂತರು.

ರಸ್ತೆಯಲ್ಲಿ ಹಾರ್ನ್ ಕೇಳಿಸಿತು.

“ನಿನ್ ವ್ಯಾನು ಕಣೇ,” ಎಂದರು ತಾತ.

“ಕಾಯ್ಲಿ ಬಿಡಿ ತಾತ.”

ಮೆಣಸು ತಲೆ ಎತ್ತಲಿಲ್ಲ. ಇನ್ನೊಂದು ಕಾಲಿನ ಲೇಸನ್ನೂ ಬಿಚ್ಚಿದಳು.