ಬಳಿಗಾರ ಓಣಿಗೆ ಬೇಕಾದ ಲ್ಯಾಪ್‌ಟಾಪ್

ನವನಗರದ ಬಸ್ ಸ್ಟ್ಯಾಂಡಿನ ಎದುರು ಸಾಲಿನಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟುಕೊಂಡಿದ್ದ ದಾನೇಶ್ವರಿ ಗಿರಾಕಿಗಳಿಗೆ ಬೈಯುವವಳಲ್ಲ. ಆದರೆ ಆ ಮಧ್ಯಾಹ್ನ ಒಬ್ಬನಿಗೆ ಚೆನ್ನಾಗಿಯೇ ಬೈದಳು. ಬೈಸಿಕೊಂಡವನಿಗೆ ಸಿಟ್ಟು ಬರಲಿಲ್ಲ. ಕೌಂಟರಿನ ಮೇಲೆ ಎರಡೂ ಮೊಣಕೈ ಊರಿ, ಒಳ್ಳೆಯ ಹಾಡು ಕೇಳುವವನ ಹಾಗೆ ಅವಳನ್ನೇ ನೋಡುತ್ತ ನಿಂತಿದ್ದ.

ಅವನ ಹೆಸರು ನಿಂಗರಾಜ. ಹಳೆಯ ಲ್ಯಾಪ್‌ಟಾಪೊಂದನ್ನು ಟವೆಲ್ಲಿನಲ್ಲಿ ಸುತ್ತಿ ಕೂಸಿನಂತೆ ಎತ್ತಿಕೊಂಡು ಬಂದಿದ್ದ. ಅದರ ಒಂದು ಕೀಲು ಮುರಿದು, ಸ್ಕ್ರೀನ್ ಕತ್ತು ವಾಲಿಸಿತ್ತು.

"ಗ್ರಾಫಿಕ್ಸ್ ಕಾರ್ಡ್ ಇರೋ ಲ್ಯಾಪ್‌ಟಾಪ್ ಬೇಕಿತ್ರಿ. ಗೇಮಿಂಗ್ ಅಂತಾರಲ್ಲ, ಆ ನಮೂನಿದು. ಆದ್ರ ತುಟ್ಟಿ ಬ್ಯಾಡ."

"ಗೇಮಿಂಗ್ ಬೇಕು, ತುಟ್ಟಿ ಬ್ಯಾಡ. ಹೋಳಿಗಿ ಬೇಕು, ಬೆಲ್ಲ ಬ್ಯಾಡ ಅಂದಂಗಾತು. ಏನ್ ಕೆಲಸ ಮಾಡ್ತೀರಿ?"

"ಇಂಜಿನಿಯರ್ ಆಫೀಸಿನ್ಯಾಗ ಮನಿ ನಕ್ಷಿ ತೆಗೀತೇನ್ರಿ."

"ಮತ್ತ ನಕ್ಷಿ ತೆಗ್ಯಾಕ ಇಷ್ಟ ದೊಡ್ಡ ಮಿಷಿನ್ ಯಾಕ?"

"ಇದು ಆಫೀಸಿಗೆ ಅಲ್ರಿ. ಮನ್ಯಾಗ ಕುಂತು ಆಡೋದು."

ಅಷ್ಟು ಸಾಕಾಯಿತು ದಾನೇಶ್ವರಿಗೆ. "ಮೀಸಿ ಬಂದ್ರೂ ಆಟ ಬಿಡೂದಿಲ್ಲ ನೀವು! ಕಂತಿನ ಮ್ಯಾಲ ತಗೋತೀರಿ, ಹಗಲೂ ರಾತ್ರಿ ಗುಂಡ ಹಾರಿಸ್ತೀರಿ, ಆಮ್ಯಾಲ ಮಾರಾಕ ನನ್ನ ಹತ್ರನ ಬರ್ತೀರಿ. ಮನ್ಯಾಗ ಅವ್ವ-ಅಪ್ಪ ಏನೂ ಅನ್ನೂದಿಲ್ಲೇನು?"

"ಅವ್ವ ಅಂತಾಳ್ರಿ. ಲಗೂನ ಮುಗಸೋ ತಮ್ಮಾ ಅಂತಾಳ."

ಅವನ ತುಟಿಯ ತುದಿಯಲ್ಲಿ ನಗು ಆಡುತ್ತಿತ್ತು. ಅದನ್ನು ಕಂಡರೂ ಕಾಣದವಳ ಹಾಗೆ ಅವಳು ಸ್ಕ್ರೂಡ್ರೈವರ್ ತೆಗೆದುಕೊಂಡಳು.

ಬೈದರೂ ಅವಳು ವ್ಯಾಪಾರದಲ್ಲಿ ಮೋಸ ಮಾಡುವವಳಲ್ಲ. ಹಳೆಯ ಲ್ಯಾಪ್‌ಟಾಪಿನ ಬೆನ್ನು ಬಿಚ್ಚಿ ಒಳಗೆ ಬಗ್ಗಿ ನೋಡಿದಳು. ಕೂದಲಿನ ಎಳೆಯೊಂದು ಮುಂದೆ ಜಾರಿತು. ಊದಿ ಹಿಂದೆ ಸರಿಸಿದಳು. ಅದು ಮತ್ತೆ ಜಾರಿತು. ನಿಂಗರಾಜನ ಕಣ್ಣು ಆ ಎಳೆಯ ಜತೆಗೇ ಹೋಗಿ ಬರುತ್ತಿತ್ತು.

"ಇಲ್ಲಿ ನೋಡ್ರಿ," ಎಂದಳು.

"ನೋಡಾಕತ್ತೇನ್ರಿ."

"ನನ್ನಲ್ಲ. ಇದರೊಳಗ."

ಅವನು ಗಡಬಡಿಸಿ ಬಗ್ಗಿದ.

"ದೊಡ್ಡ ಪ್ರೊಸೆಸರಿಗೆ ಆಸೆ ಪಡಬ್ಯಾಡ್ರಿ. ಐ-ಫೈವ್ ಸಾಕು. ಅದರಾಗ ಉಳಿಸಿದ್ದನ್ನ ಗ್ರಾಫಿಕ್ಸಿಗೆ ಹಾಕ್ರಿ. ನನ್ನ ಹತ್ರ ಹೋದ ವರ್ಷದ ಮಾಡೆಲ್ ಐತಿ. ಅದರಾಗ ಎಂಟು ಜಿಬಿ ರ‍್ಯಾಮ್, ಬಾಜೂಕಿನ ಸ್ಲಾಟ್ ಖಾಲಿ. ನಿಮ್ಮ ಹಳೇ ರ‍್ಯಾಮ್ ಅಲ್ಲಿ ಕೂಡ್ತೈತಿ. ಈ ವರ್ಷದ ಮಾಡೆಲ್ ತಗೊಂಡ್ರ ಕೂಡೂದಿಲ್ಲ, ಅದರ ಜಾತಿನ ಬ್ಯಾರೆ. ನಿಮ್ಮ ಫೈಲ್ ಇಡೂ ಎಸ್ಸೆಸ್‌ಡಿನೂ ಗಟ್ಟಿ ಐತಿ, ಎರಡನೇದಾಗಿ ಅದನ್ನೂ ಒಳಗ ಹಾಕೋಣ."

"ಹಳೇದು, ಹೊಸದು ಜಗಳ ಆಡೂದಿಲ್ಲೇನ್ರಿ?"

"ಇಲ್ಲ. ಹಳೇ ರ‍್ಯಾಮ್ ಸ್ವಲ್ಪ ಸಾವಕಾಶ. ಹೊಸದೂ ಅದರ ಹೆಜ್ಜಿಗೇ ಇಳೀತೈತಿ."

"ಪಾಪ, ಹೊಸದಕ್ಕ ಬ್ಯಾಸರ ಆಗಬಹುದು."

"ಜೋಡಿ ನಡೀಬೇಕಂದ್ರ ಜೋರ ನಡ್ಯಾವ್ರು ಸಾವಕಾಶ ಆಗಬೇಕ್ರಿ."

ಮಾತು ಬಾಯಿಂದ ಬಿದ್ದ ಮೇಲೆ ಅವಳಿಗೆ ಅದರ ಇನ್ನೊಂದು ಅರ್ಥ ಹೊಳೆಯಿತು. ಕಿವಿ ಬಿಸಿಯಾದವು. ತಲೆ ಎತ್ತದೆ ಸ್ಕ್ರೂಗಳನ್ನು ಎಣಿಸತೊಡಗಿದಳು.

"ಖರೆ ಹೇಳಿದ್ರಿ," ಎಂದ ನಿಂಗರಾಜ, ಮೆಲ್ಲಗೆ.

ಹೊಸ ಮಿಷಿನ್ ಸಿದ್ಧವಾದ ದಿನ ದಾನೇಶ್ವರಿಯ ಅಜ್ಜಿ ಶಾರವ್ವ ಅಂಗಡಿಯಲ್ಲೇ ಇದ್ದಳು. ಮೊಮ್ಮಗಳಿಗೆ ಬುತ್ತಿ ತಂದವಳು ಬಿಸಿಲು ಇಳಿಯಲೆಂದು ಫ್ಯಾನಿನ ಕೆಳಗೆ ಕುಳಿತಿದ್ದಳು.

"ಅಗದೀ ಭಾರದ ಫೈಲ್ ಇದ್ರ ತೆಗೀರಿ, ಟೆಸ್ಟ್ ಮಾಡೋಣ," ಎಂದಳು ದಾನೇಶ್ವರಿ. ಬಂದೂಕು ಹಿಡಿದ ಸಿಪಾಯಿಗಳು ಬರುತ್ತಾರೆಂದು ಸೊಂಟದ ಮೇಲೆ ಕೈಯಿಟ್ಟು ನಿಂತಳು.

ಸ್ಕ್ರೀನಿನ ಮೇಲೆ ಬಂದದ್ದು ಒಂದು ಓಣಿ.

ಕಲ್ಲು ಹಾಸಿದ ಇಕ್ಕಟ್ಟಿನ ಓಣಿ. ಎರಡೂ ಕಡೆ ಮಾಳಿಗೆ ಮನೆಗಳು, ಮುಂದೆ ಕಟ್ಟೆಗಳು, ಒಂದು ಬಾಗಿಲಿನ ಪಕ್ಕ ಬಳೆ ತೂಗು ಹಾಕಿದ ಅಂಗಡಿ. ನಿಂಗರಾಜ ಬೆರಳು ಒತ್ತಿದಂತೆ ಓಣಿಯಲ್ಲಿ ಯಾರೋ ನಡೆದು ಹೋದ ಹಾಗೆ ಮನೆಗಳು ಒಂದೊಂದಾಗಿ ಹಿಂದೆ ಸರಿದವು.

ಶಾರವ್ವ ಎದ್ದು ನಿಂತಳು. ಸೆರಗು ನೆಲಕ್ಕೆ ಬಿತ್ತು, ಅವಳಿಗೆ ಗೊತ್ತಾಗಲಿಲ್ಲ.

"ಯವ್ವಾ... ಇದು ನಮ್ಮ ಬಳಿಗಾರ ಓಣಿ ಅಲ್ಲೇನ?"

ಹೌದು, ಅದೇ. ಆಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿದ ಹಳೇ ಬಾಗಲಕೋಟೆಯ ಓಣಿ. ಅಲ್ಲಿಂದ ಎದ್ದು ಬಂದ ಮನೆಗಳವರೇ ಈ ನವನಗರದ ಸೆಕ್ಟರುಗಳಲ್ಲಿ ಹರಡಿ ಕುಳಿತವರು. ನಿಂಗರಾಜನ ಮನೆಯವರೂ ಅದೇ ಓಣಿಯವರು, ಅವರು ಮಾತ್ರ ಅವನ ತಾಯಿಯ ತವರು ಕಲಾದಗಿಗೆ ಹೋಗಿದ್ದರು. ಊರವರ ಮದುವೆ ಫೋಟೊಗಳ ಹಿಂದೆ ಕಾಣುವ ಗೋಡೆ, ಬಾಗಿಲುಗಳನ್ನು ನೋಡಿ, ಹಿರಿಯರನ್ನು ಕೇಳಿ, ಅವನು ಆ ಓಣಿಯನ್ನು ಕಂಪ್ಯೂಟರಿನಲ್ಲಿ ಮತ್ತೆ ಕಟ್ಟುತ್ತಿದ್ದ. ಊರು ಬಿಟ್ಟವರ ಕೂಟ ಬರುವ ತಿಂಗಳು ಸಮುದಾಯ ಭವನದಲ್ಲಿ ಇತ್ತು. ಅಲ್ಲಿ ಎಲ್ಲರನ್ನೂ ಒಮ್ಮೆ ಈ ಓಣಿಯಲ್ಲಿ ನಡೆಸಬೇಕೆಂಬುದು ಅವನ ಆಸೆ.

"ಆಟ ಅಂದ್ರಿ!" ಎಂದಳು ದಾನೇಶ್ವರಿ. ಸೊಂಟದ ಮೇಲಿನ ಕೈ ಕೆಳಗೆ ಇಳಿದಿತ್ತು.

"ಗುಂಡ ಹಾರಸ್ತೇನಿ ಅಂತ ನೀವ ಅಂದ್ರಿ. ನೀವು ಬೈಯೂದು ಚಂದ ಇತ್ತು. ನಡಬರಕ ಯಾಕ ತಡೀಲಿ ಅಂತ ಸುಮ್ಮನಾದೆ."

ಶಾರವ್ವ ಸ್ಕ್ರೀನಿಗೆ ಮೂಗು ತಾಗಿಸಿ ನಿಂತಿದ್ದಳು. "ತಮ್ಮಾ, ಈ ಕಟ್ಟಿ ಬಲಕ್ಕ ಅಲ್ಲೋ, ಎಡಕ್ಕ. ನಾ ದಿನಾ ಕುಂತು ಜ್ವಾಳ ಹಸನ ಮಾಡಿದ ಕಟ್ಟಿ ಅದು!"

ಆವತ್ತಿನಿಂದ ನಿಂಗರಾಜ ಆಫೀಸು ಬಿಟ್ಟವನು ನೇರ ಅಂಗಡಿಗೆ ಬರತೊಡಗಿದ. ಶಾರವ್ವ ಹೇಳುತ್ತಿದ್ದಳು, ಅವನು ತಿದ್ದುತ್ತಿದ್ದ. ದಾನೇಶ್ವರಿ ಗಿರಾಕಿಗಳ ನಡುವೆಯೇ ಬಂದು ಅವನ ಭುಜದ ಮೇಲಿನಿಂದ ಇಣುಕುತ್ತಿದ್ದಳು.

"ನನಗ ಏನೂ ನೆನಪಿಲ್ಲ," ಎಂದಳು ಒಂದು ಸಂಜೆ. "ಅಪ್ಪನ ಹೆಗಲ ಮ್ಯಾಲ ಕುಂತು ಬಂದೆನಂತ."

"ನನಗ ನೆನಪೈತಿ. ನಿಮ್ಮನಿ ಬಾಗಲಾ ಹಸರು. ಒಳಗಿಂದ ಒಂದು ಕೂಸು ಅಳೋದು ಕೇಳ್ತಿತ್ತು. ಓಣಿ ಮಂದೀನೆಲ್ಲ ಎಬ್ಬಸ್ತಿತ್ತು."

"ನಾನಾ?"

"ಮತ್ತ್ಯಾರು? ಆ ದನೀಗೆ ಇವತ್ತೂ ಜೋರ ಕಡಿಮಿ ಆಗಿಲ್ಲ."

ಅವಳು ಕೈಯಲ್ಲಿದ್ದ ಒರೆಸುವ ಬಟ್ಟೆಯನ್ನು ಅವನ ಮೇಲೆ ಎಸೆದಳು. ಅವನು ಅದನ್ನು ಹಿಡಿದುಕೊಂಡ, ಮಡಿಚಿದ, ಹಿಂದಿರುಗಿಸುವಾಗ ಒಂದು ಕ್ಷಣ ಹೆಚ್ಚೇ ಹಿಡಿದುಕೊಂಡ. ಬಟ್ಟೆಯ ಒಂದು ತುದಿ ಅವಳ ಕೈಯಲ್ಲಿ, ಇನ್ನೊಂದು ಅವನ ಕೈಯಲ್ಲಿ. ಇಬ್ಬರೂ ಬಿಡಲಿಲ್ಲ. ಹೊರಗೆ ಬಾದಾಮಿ ಬಸ್ಸಿನ ಕಂಡಕ್ಟರ್ ಕೂಗುತ್ತಿದ್ದ. ಅದೂ ಅವರಿಗೆ ಕೇಳಿಸಲಿಲ್ಲ.

ಮರುದಿನ ದಾನೇಶ್ವರಿಯ ಅಪ್ಪ ರಾಚಯ್ಯ ಅಂಗಡಿಗೆ ಬಂದವರು ಶಾರವ್ವನಿಗೆ ಹೇಳಿದರು: "ಯವ್ವಾ, ಕೂಟ ಮುಗಿದ ಮರುದಿನ ಹುನಗುಂದದವರು ನಮ್ಮ ದಾನೇಶ್ವರೀನ ನೋಡಾಕ ಬರ್ತಾರ. ಚಲೋ ಮನಿತಾನ." ನಿಂಗರಾಜ ಅಲ್ಲೇ ಕುಳಿತಿದ್ದ. ಅವನ ಬೆರಳುಗಳು ಕೀಬೋರ್ಡಿನ ಮೇಲೆ ನಿಂತವು. ಸ್ವಲ್ಪ ಹೊತ್ತಿಗೆ ಲ್ಯಾಪ್‌ಟಾಪ್ ಮುಚ್ಚಿ, "ಬರ್ತೇನ್ರಿ," ಎಂದು ಎದ್ದ.

ಆಮೇಲೆ ಅವನು ಬರಲಿಲ್ಲ.

ದಾನೇಶ್ವರಿ ತಡೆದು ತಡೆದು ಒಂದು ಮೆಸೇಜ್ ಹಾಕಿದಳು: "ರ‍್ಯಾಮ್ ಹೆಂಗೈತಿ?"

"ಚಲೋ ಐತ್ರಿ," ಎಂದು ಉತ್ತರ ಬಂತು. ಅದರ ಮುಂದೆ ಏನೂ ಇರಲಿಲ್ಲ. ಫೋನನ್ನು ಅವಳು ಡ್ರಾಯರಿಗೆ ಎಸೆದಳು, ತೆಗೆದಳು, ಮತ್ತೆ ಎಸೆದಳು. ಮನಸ್ಸಿನಲ್ಲಿದ್ದುದನ್ನು ಎರಡು ಸಲ ಟೈಪ್ ಮಾಡಿ ಅಳಿಸಿದಳು. ತಾನು ಅವನನ್ನು ಎಷ್ಟು ಬಯಸುತ್ತೇನೆ ಎಂಬುದು ಆ ಖಾಲಿ ಕುರ್ಚಿ ನೋಡಿದಾಗಲೇ ಅವಳಿಗೆ ಸರಿಯಾಗಿ ತಿಳಿದದ್ದು.

ಕೂಟದ ಭಾನುವಾರ ಸಮುದಾಯ ಭವನ ತುಂಬಿ ತುಳುಕುತ್ತಿತ್ತು. ಇಲಕಲ್ಲ ಸೀರೆಯುಟ್ಟ ಅಜ್ಜಿಯರು, ತಲೆಗೆ ಪಟಗ ಸುತ್ತಿದ ಅಜ್ಜಂದಿರು, ಆ ಊರನ್ನು ಕಾಣದೇ ಬೆಳೆದ ಮೊಮ್ಮಕ್ಕಳು. ಕೂಟದ ಕಾರ್ಯದರ್ಶಿ ಅನಿಲಕುಮಾರ ಮೈಕಿನಲ್ಲಿ ನಿಂಗರಾಜನ ಹೆಸರು ಕೂಗಿದರು. ಪರದೆ ಬೆಳಗಿತು. ಓಣಿಯ ಬಾಯಿ ಕಾಣಿಸಿತು.

ಮರುಗಳಿಗೆಯಲ್ಲಿ ಪರದೆ ನೀಲಿಯಾಗಿ ನಿಂತುಬಿಟ್ಟಿತು.

ನಿಂಗರಾಜ ಮತ್ತೆ ಚಾಲೂ ಮಾಡಿದ. ಮತ್ತೆ ನೀಲಿ. ಸಭೆಯಲ್ಲಿ ಗುಸುಗುಸು ಎದ್ದಿತು. "ಹೋಗಲಿ ಬಿಡ್ರಿ ತಮ್ಮಾ, ನಾಕು ಫೋಟೊ ತೋರಿಸಿ ಊಟಕ್ಕ ಎಬ್ಬಸೋಣ," ಎಂದರು ಅನಿಲಕುಮಾರ.

"ಯಾರೂ ಏಳಬ್ಯಾಡ್ರಿ!"

ಎಲ್ಲರೂ ತಿರುಗಿ ನೋಡಿದರು. ದಾನೇಶ್ವರಿ ನಡುವಿನ ಸಾಲಿನಿಂದ ಬ್ಯಾಗು ಎತ್ತಿಕೊಂಡು ವೇದಿಕೆಗೆ ಓಡುತ್ತಿದ್ದಳು. ಹಳೆಯ ರ‍್ಯಾಮ್ ಹಾಕಿಸಿದವಳು ತಾನು. ಇವತ್ತು ಅವನು ಈ ಜನರೆದುರು ತಲೆ ತಗ್ಗಿಸಿದರೆ ಅದು ತನ್ನ ಮಾತು ಕೇಳಿದ್ದಕ್ಕೆ. ಆ ವಿಚಾರವೇ ಅವಳಿಗೆ ತಡೆಯದಾಗಿತ್ತು.

"ಬೈಕ್ ಮ್ಯಾಲ ತಂದ್ರೇನು?"

"ಹೂಂನ್ರಿ. ಕಲಾದಗಿಯಿಂದ."

"ರ‍್ಯಾಮ್ ಅಲುಗಾಡಿರಬೇಕು. ಟಾರ್ಚ್ ಹಿಡೀರಿ."

ಮೇಜಿನ ಹಿಂದೆ ಇಬ್ಬರೂ ನೆಲದ ಮೇಲೆ ಕುಳಿತರು. ಅವಳು ಬೆನ್ನು ಬಿಚ್ಚಿ, ಬ್ಯಾಟರಿಯ ಕನೆಕ್ಷನ್ ತೆಗೆದಳು. ಅವನು ಫೋನಿನ ಬೆಳಕನ್ನು ಅವಳ ಬೆರಳುಗಳ ಮೇಲೆ ಹಿಡಿದ. ಅವನ ಉಸಿರು ಅವಳ ಹಣೆಗೆ ತಾಗುತ್ತಿತ್ತು.

"ಇಷ್ಟ ದಿನ ಯಾಕ ಬರಲಿಲ್ಲ?"

"ಈಗ ಕೇಳ್ತೀರೇನು ಇದನ್ನ?"

"ಕೈ ನನ್ನವು ದುಡೀತಾವ. ಬಾಯಿ ನಿಮ್ಮದು ಖಾಲಿ ಐತಿ. ಹೇಳ್ರಿ."

"ಹುನಗುಂದದವರು ಬರ್ತಾರಂತಲ್ಲ."

"ಬರ್ತಾರ, ನೋಡ್ತಾರ. ನಾ ಒಪ್ಪೇನಿ ಅಂತ ನಿಮಗ್ಯಾರು ಹೇಳಿದ್ರು?"

ಬೆಳಕು ಅಲ್ಲಾಡಿತು.

"ಟಾರ್ಚ್ ಗಟ್ಟಿ ಹಿಡೀರಿ," ಎಂದಳು. ಹಳೆಯ ರ‍್ಯಾಮ್ ತೆಗೆದು, ಅದರ ಬಂಗಾರದ ಬಣ್ಣದ ಹಲ್ಲುಗಳನ್ನು ರಬ್ಬರಿನಿಂದ ಮೆಲ್ಲಗೆ ತಿಕ್ಕಿದಳು. "ಓಣಿಯೊಳಗಿನ ಕಲ್ಲ ಕಲ್ಲ ನೆನಪಿಡ್ತೀರಿ. ಎದುರಿಗೆ ಕುಂತಾಕಿ ಮಾರಿ ಓದಾಕ ಬರೂದಿಲ್ಲೇನು ನಿಮಗ?"

"ಓದಿದ್ದೆ," ಎಂದ ನಿಂಗರಾಜ. "ತಪ್ಪ ಓದೀನೇನೋ ಅಂತ ಅಂಜಿದೆ."

"ತಪ್ಪಿಲ್ಲ."

ರ‍್ಯಾಮ್ ತನ್ನ ಜಾಗದಲ್ಲಿ ಟಕ್ಕೆಂದು ಕುಳಿತುಕೊಂಡಿತು. ಅವಳು ಮುಚ್ಚಳ ಮುಚ್ಚಿ, ಬಟನ್ ಒತ್ತಿ, ಕಣ್ಣು ಮುಚ್ಚಿಕೊಂಡಳು. ಅವನ ಕೈ ಅವಳ ಕೈಯ ಮೇಲೆ ಬಂದು ನಿಂತಿತು.

ಇಡೀ ಭವನ "ಹೋ!" ಎಂದಾಗ ಅವಳು ಕಣ್ಣು ತೆರೆದಳು.

ಪರದೆಯ ಮೇಲೆ ಬಳಿಗಾರ ಓಣಿ ಬೆಳಗಿನ ಬಿಸಿಲಲ್ಲಿ ನಿಂತಿತ್ತು. ನಿಂಗರಾಜ ಸಾವಕಾಶ ನಡೆಸಿದ. ಮೊದಲ ಮನೆ ಬಂದಾಗ ಹಿಂದಿನಿಂದ ಒಬ್ಬ ಮುದುಕ ಎದ್ದು, "ನಮ್ಮನೀ! ನಮ್ಮನೀ ಅದು!" ಎಂದು ಕೂಗಿದ. ಆಮೇಲೆ ಯಾರನ್ನೂ ಹಿಡಿಯಲಾಗಲಿಲ್ಲ. "ಮೆಹರುನ್ನಿಸಾ, ನಿಮ್ಮ ಬಳಿ ಅಂಗಡಿ ನೋಡ ಬಾ!" "ಏ, ಹಿಂದಕ ಹೋಗೋ ತಮ್ಮಾ, ನಮ್ಮ ಕಿಡಕಿ ಬಿಟ್ಟೆ!" ಅಜ್ಜಿಯರು ಮೊಮ್ಮಕ್ಕಳನ್ನು ಎತ್ತಿ ತೋರಿಸಿದರು. ನಕ್ಕವರು ಯಾರು, ಅತ್ತವರು ಯಾರು ಹೇಳಲಾಗದು. ಹಸಿರು ಬಾಗಿಲು ಬಂದಾಗ ರಾಚಯ್ಯ ಎರಡೂ ಕೈ ಜೋಡಿಸಿ ನಿಂತುಬಿಟ್ಟಿದ್ದರು.

ಬಾಗಿಲು ತೆರೆಯಿತು. ಒಳಗೆ ಅಂಗಳ, ಒಲೆ, ಗೋಡೆಗೆ ಆನಿಸಿದ ಒರಳು, ತೊಲೆಗೆ ಕಟ್ಟಿದ ತೊಟ್ಟಿಲು. ದಾನೇಶ್ವರಿ ತಾನು ಹುಟ್ಟಿದ ಮನೆಯನ್ನು ಮೊದಲ ಸಲ ನೋಡಿದಳು.

ಮುಗಿದ ಮೇಲೆ ಚಪ್ಪಾಳೆ ನಿಲ್ಲಲೇ ಇಲ್ಲ. ಬೇರೆ ಓಣಿಗಳವರು ವೇದಿಕೆಗೆ ನುಗ್ಗಿ ನಿಂಗರಾಜನನ್ನು ಮುತ್ತಿದರು. "ನಮ್ಮ ಓಣೀನೂ ಕಟ್ಟ್ರಿ! ನಮ್ಮ ಮನ್ಯಾಗ ಫೋಟೊ ಅದಾವ!"

ಅವನು ಗದ್ದಲದ ನಡುವೆಯೇ ಅವಳ ಕಡೆ ಬಗ್ಗಿದ. "ಇಷ್ಟೆಲ್ಲ ಕಟ್ಟಾಕ ನಾ ಒಬ್ಬನ ಕಡಿಂದ ಆಗೂದಿಲ್ಲ."

"ಕೆಲಸಕ್ಕ ಕರೀತೀರೇನು ನನ್ನ?"

"ಮನಿಗೆ ಕರೀತೇನಿ. ಬರ್ತಿಯೇನು, ದಾನೇಶ್ವರಿ?"

ಮೊದಲ ಸಲ ಅವನು 'ರಿ' ಬಿಟ್ಟಿದ್ದ. ಅವಳಿಗೆ ಅದು ಹಬ್ಬದ ಸಿಹಿಯಂತೆ ಕೇಳಿಸಿತು. "ಬರ್ತೇನಿ. ಆದ್ರ ಅಪ್ಪನ್ನ ಕೇಳ್ರಿ."

"ಯಾವಾಗ?"

"ಅಲ್ಲೇ ನಿಂತಾರ. ಈಗ."

ನಿಂಗರಾಜ ಒಂದು ಗಳಿಗೆಯೂ ತಡ ಮಾಡಲಿಲ್ಲ. ಜನರನ್ನು ಸರಿಸುತ್ತ ಹೋಗಿ ರಾಚಯ್ಯನವರ ಕಾಲು ಮುಟ್ಟಿದ. ಏನು ಹೇಳಿದನೋ ಅವಳಿಗೆ ಕೇಳಲಿಲ್ಲ. ಅಪ್ಪ ಅವನನ್ನು ಎಬ್ಬಿಸಿದ್ದು, ಹೆಗಲು ಹಿಡಿದದ್ದು, ದೂರದಿಂದ ತನ್ನತ್ತ ನೋಡಿದ್ದು ಕಂಡಿತು. ಅವರ ಕಣ್ಣು ಇನ್ನೂ ಒದ್ದೆಯಿದ್ದವು. 'ಹೌದೇನು?' ಎಂಬಂತೆ ಹುಬ್ಬೇರಿಸಿದರು. ದಾನೇಶ್ವರಿ ಅಷ್ಟು ಜನರ ನಡುವೆ ನಾಚದೆ, ತಲೆ ಎತ್ತಿ, ಹೌದೆಂದು ತಲೆಯಾಡಿಸಿದಳು. ಶಾರವ್ವ ಆಗಲೇ ಹುಡುಗನ ಎರಡೂ ಕೆನ್ನೆ ನೀವಿ ನೆಟಿಗೆ ಮುರಿಯುತ್ತಿದ್ದಳು.

ರಾಚಯ್ಯ ನಿಂತಲ್ಲೇ ಫೋನ್ ತೆಗೆದರು. "ಹಲೋ, ಹುನಗುಂದದವರ‍್ರಿ? ಶರಣಾರ‍್ಥಿ. ನಾಳೆ ಬರೂದು ಬ್ಯಾಡ್ರೀ ಸಾಹೇಬ್ರ. ತಪ್ಪ ತಿಳ್ಕೋಬ್ಯಾಡ್ರಿ. ಹುಡುಗಿಗೆ ನಮ್ಮೂರಿನ್ಯಾಗ ವರ ಸಿಕ್ಕಾನ."

ಆ ಕಡೆಯಿಂದ ಏನೋ ಕೇಳಿದರು.

"ನವನಗರ ಅಲ್ರಿ," ಎಂದರು ರಾಚಯ್ಯ, ಇಡೀ ಭವನಕ್ಕೆ ಕೇಳುವಂತೆ. "ಹಳೇ ಬಾಗಲಕೋಟಿ. ನಮ್ಮ ಓಣೀನ!"