ಮುತ್ತಜ್ಜನ ಅಜ್ಜನ ಇಸ್ಪೀಟು ಕಟ್ಟು

ಒಂದಾನೊಂದು ಕಾಲದಲ್ಲಿ, ಅಂದರೆ ಜನ ಫೋನಿನಲ್ಲೇ ಪೋಕರ್ ಕಲಿತು ಬೆಳಗಾಗುವುದರೊಳಗೆ ಪಂಡಿತರಾಗಿಬಿಡುತ್ತಿದ್ದ ಕಾಲದಲ್ಲಿ, ಒಂದೂರಿನಲ್ಲಿ ಇತಿಹಾಸದ ಮೇಷ್ಟ್ರೊಬ್ಬರಿದ್ದರು. ಕತೆಯ ರಾಜರು ರಾಜ್ಯ ಕಳೆದುಕೊಂಡರೆ ಕಾಡಿಗೆ ಹೋಗುತ್ತಾರೆ. ಮೇಷ್ಟ್ರು ಕಳೆದುಕೊಂಡದ್ದು ಒಂದು ಕುರ್ಚಿ. ಕಾಡು ದೂರವಿದ್ದುದರಿಂದ ಮನೆಯಲ್ಲೇ ಮುಖ ಊದಿಸಿಕೊಂಡು ಕೂತರು.

ಅದು ಪೋಕರ್ ಕ್ಲಬ್ಬಿನ ಅಧ್ಯಕ್ಷರ ಕುರ್ಚಿ. ದರ್ಜಿ ಅಂಗಡಿಯ ಮೇಲಿನ ಕೋಣೆಯಲ್ಲಿ, ಅಂಗಿ ಗುಂಡಿಗಳನ್ನೇ ಪಣಕ್ಕಿಟ್ಟು ಕ್ಲಬ್ಬು ಕಟ್ಟಿದವರು ಅವರು. ಆಗ ಊರಿಗೆ ಊರೇ ಮೂಗು ಮುರಿದಿತ್ತು. ಈಗ ಪೋಕರ್ ಎಂದರೆ ‘ಮೆದುಳಿನ ಕ್ರೀಡೆ’. ಮೂಗು ಮುರಿದವರೆಲ್ಲ ಅದೇ ಮೂಗಿನ ಮೇಲೆ ಕಪ್ಪು ಕನ್ನಡಕ ಏರಿಸಿಕೊಂಡು ಬಂದು ಸದಸ್ಯರಾದರು. ಬಂದವರೇ ಮೇಷ್ಟ್ರನ್ನು ಇಳಿಸಿ ಅವರ ಸ್ವಂತ ಅಳಿಯನನ್ನು, ಹಲ್ಲಿನ ಡಾಕ್ಟರನ್ನು, ಕೂರಿಸಿದರು. ಮೇಷ್ಟ್ರ ತಪ್ಪು ಒಂದೇ. ಪ್ರತಿ ಆಟಕ್ಕೂ ಮುಂಚೆ ಪೋಕರಿನ ಇತಿಹಾಸ ಶುರುಮಾಡುತ್ತಿದ್ದರು.

“ಒಂದಿನ ಪೂರ್ತಿ ಹೇಳೇ ಹೇಳ್ತೀನಿ, ನೋಡ್ತಿರಿ.”

“ಹೇಳೀರಂತೆ ಮಾವ, ಇತಿಹಾಸ ಎಲ್ಲಿಗೋಗತ್ತೆ? ಮೊದಲು ಎಲೆ ಹಾಕಿ,” ಎನ್ನುತ್ತಿದ್ದ ಅಳಿಯ. ಎಲ್ಲರೂ ನಗುತ್ತಿದ್ದರು.

ಕ್ಲಬ್ಬಿನ ನಿಯಮಾವಳಿಯಲ್ಲಿ ಮೇಷ್ಟ್ರೇ ಸೇರಿಸಿದ್ದ ಒಂದು ನಿಯಮವಿತ್ತು: ಪೋಕರಿನ ಪುರಾತನ ವಸ್ತುವೊಂದನ್ನು ತಂದುಕೊಟ್ಟವರು ಆಜೀವ ಅಧ್ಯಕ್ಷರು, ನಕಲಿ ತಂದವರಿಗೆ ಜನ್ಮದಲ್ಲಿ ಕ್ಲಬ್ಬಿನ ಮೆಟ್ಟಿಲಿಲ್ಲ. ಎರಡನೆಯ ಭಾಗ ಕಳ್ಳರಿಗಾಗಿ ಬರೆದದ್ದು. ತಾವು ವಿದ್ವಾಂಸರು.

ಪುರಾತನ ಕಟ್ಟೊಂದನ್ನು ತಯಾರಿಸುವ ಕೆಲಸ ಶುರುವಾಯಿತು. ದಪ್ಪ ಕಾಗದ ತಂದರು. ಹಳೆಯ ಎಲೆಗಳ ಮೂಲೆ ದುಂಡಗಿರುವುದಿಲ್ಲ, ಚೂಪು. ಮೂಲೆಯಲ್ಲಿ ಅಂಕಿ ಇರುವುದಿಲ್ಲ. ಬೆನ್ನ ಮೇಲೆ ಚಿತ್ತಾರವಿಲ್ಲ, ಬೋಳು. ಅರೆಬರೆ ಓದಿದ ಠಕ್ಕನಾಗಿದ್ದರೆ ಜೋಕರನ್ನೂ ಸೇರಿಸಿ ಸಿಕ್ಕಿಬೀಳುತ್ತಿದ್ದ. ಪಾಪ, ಜೋಕರ್ ಹುಟ್ಟಿದ್ದು ಆಮೇಲೆ. ಇದನ್ನು ನೆನೆದು ಮೇಷ್ಟ್ರು ಒಬ್ಬರೇ ನಕ್ಕರು. ರಾಜ ರಾಣಿಯರನ್ನು ಕೈಯಾರೆ ಬರೆದು, ಎಲೆಗಳನ್ನು ಟೀ ಡಿಕಾಕ್ಷನ್ನಿನಲ್ಲಿ ಅದ್ದಿ, ಒಣಗಿಸಿ, ಮೇಣದಬತ್ತಿಯ ಹೊಗೆ ಹಿಡಿಸಿದರು.

“ರೀ, ಟೀ ಪುಡಿ ಡಬ್ಬಿಗೆ ಯಾರ ಕಣ್ಣು ಬಿತ್ತು?” ಹೆಂಡತಿ ಅಡುಗೆಮನೆಯಿಂದ ಕೂಗಿದರು.

“ಇತಿಹಾಸ ಕುಡೀತು ಕಣೇ!”

“ಅದಕ್ಕೆ ಸಕ್ಕರೆ ಬೇಡ್ವಂತಾ?”

ಆಮೇಲೆ ತಾಳ್ಮೆಯ ಕೆಲಸ. ಟೀವಿ ಮುಂದೆ ಕೂತು, ಹೆಬ್ಬೆರಳಿಗೆ ತಲೆಯೆಣ್ಣೆ ಸವರಿಕೊಂಡು, ಒಂದೊಂದೇ ಎಲೆಯ ಅಂಚನ್ನು ಉಜ್ಜಿ ಉಜ್ಜಿ ಸವೆಸಿದರು. ಮಕ್ಕಳನ್ನು ಎಣ್ಣೆ ಹಚ್ಚಿ ಮೀಯಿಸುವ ತಾಯಿಗೂ ಅಷ್ಟು ಅಕ್ಕರೆ ಇರಲಾರದು.

ಕತೆಯೂ ಸಿದ್ಧವಾಯಿತು. ಮುತ್ತಜ್ಜನ ಅಜ್ಜ ಅಮೆರಿಕದ ನದಿಯೊಂದರ ಹೊಗೆಹಡಗಿನಲ್ಲಿ ಅಡುಗೆಯವನಾಗಿದ್ದ. ಪೋಕರ್ ಇನ್ನೂ ಕಣ್ಣು ಬಿಡುತ್ತಿದ್ದ ಕಾಲ. ಹಡಗಿನ ಆ ಮೊದಮೊದಲ ಆಟಗಳನ್ನು ಈ ಕಟ್ಟಿನಲ್ಲೇ ಆಡಿ ಗೆದ್ದ. ದಡಕ್ಕಿಳಿದವನು ಅದನ್ನು ಪೆಟ್ಟಿಗೆಗೆ ಹಾಕಿದ. ಅಲ್ಲಿಂದೀಚೆಗೆ ಒಬ್ಬನೇ ಒಬ್ಬನೂ ಅದನ್ನು ಮುಟ್ಟಿಲ್ಲ.

ಕ್ಲಬ್ಬಿಗೆ ತಂದ ಕಟ್ಟನ್ನು ಅಳಿಯ ಬೆಳಕಿಗೆ ಹಿಡಿದ, ಮೂಸಿದ, ಹುಳುಕು ಹಲ್ಲು ನೋಡುವ ಭೂತಗನ್ನಡಿಯಲ್ಲೂ ನೋಡಿದ. ಕೊನೆಗೆ ಕೈ ಮುಗಿದ. “ಸೋತೆ ಮಾವ. ಕುರ್ಚಿ ನಿಮ್ಮದು. ನಮ್ಮದೊಂದು ಆಸೆ. ಪಟ್ಟಾಭಿಷೇಕದ ದಿನ ಪೂರ್ತಿ ಇತಿಹಾಸ ಹೇಳ್ಬೇಕು. ಯಾರೂ ಬಾಯಿ ಹಾಕಲ್ಲ, ನನ್ನಾಣೆ.”

ಮೇಷ್ಟ್ರ ಕಣ್ಣು ತುಂಬಿತು.

ಪಟ್ಟಾಭಿಷೇಕದ ಸಂಜೆ ಕೋಣೆ ತುಂಬಿತ್ತು. ಕಿಟಕಿಯಲ್ಲೂ ಜನ. ಮೇಷ್ಟ್ರು ಕುರ್ಚಿಯ ಕೈಗಳನ್ನು ಸವರುತ್ತ ಕೂತರು. ಎಲೆಗಳು ಕೈಯಿಂದ ಕೈಗೆ ದಾಟುತ್ತಿದ್ದವು. ಕತೆ ನದಿಗಿಳಿಯಿತು, ಹಡಗು ಹತ್ತಿತು. ಕೊಟ್ಟ ಮಾತಿನಂತೆ ಯಾರೂ ಕೆಮ್ಮಲಿಲ್ಲ. “ಆಗ ಇಡೀ ಕಟ್ಟು ಬೇಕಿರ್ಲಿಲ್ಲ ಕಣ್ರಪ್ಪಾ,” ಎಂದರು ಮೇಷ್ಟ್ರು. “ಹತ್ತು, ಗುಲಾಮ, ರಾಣಿ, ರಾಜ, ಎಕ್ಕ. ಇಪ್ಪತ್ತೇ ಎಲೆಯ ಆಟ. ಎರಡರಿಂದ ಒಂಬತ್ತರವರೆಗಿನವನ್ನ ಪೆಟ್ಟಿಗೆಯಿಂದ ಹೊರಗೇ ತೆಗೀತಿರ್ಲಿಲ್ಲ. ಜನ ಮುಗಿಬಿದ್ದ ಮೇಲೆ ತಾನೇ ಅವಕ್ಕೂ ಕೆಲಸ ಸಿಕ್ಕಿದ್ದು?” ಮುಂದಿನ ಸಾಲಿನಲ್ಲಿ ಅಳಿಯ ತನ್ನ ಕೈಗೆ ಬಂದಿದ್ದ ಆಟೀನ್ ಎರಡನ್ನು ನಿಧಾನವಾಗಿ ಮೇಲೆತ್ತಿದ. ಅಂಚು ಸವೆದು ನಾರು ಎದ್ದಿತ್ತು. ನಡುವೆ ಹೆಬ್ಬೆರಳಿನ ಎಣ್ಣೆಗಪ್ಪು. ಪಕ್ಕದವನ ಕೈಯಲ್ಲಿ ಕಳಾವರ್ ಮೂರು, ಅದೂ ಹಾಗೆಯೇ. ಆಣೆ ಇಟ್ಟಿದ್ದರಿಂದ ಅಳಿಯ ತುಟಿ ಬಿಚ್ಚಲಿಲ್ಲ. ಮೇಷ್ಟ್ರು ಮಾತ್ರ, ಮೊದಲ ಬಾರಿಗೆ ಸಿಕ್ಕ ಆ ಪರಿಪೂರ್ಣ ಮೌನದಲ್ಲಿ, ಬೆವರುತ್ತ ಬೆವರುತ್ತ, ಪೋಕರಿನ ಇತಿಹಾಸವನ್ನು ಕೊನೆಯವರೆಗೂ ಹೇಳಿ ಮುಗಿಸಿದರು.