ಕಸ್ತೂರೆವ್ವ ಮುಂದಕ್ಕೆ ಸರಿಸಿದ ಹಿಟ್ಟು

"ನಮ್ಮಜ್ಜಿಗೆ ಇಟಲಿ ಮಾರಿದ್ದು ಯಾರ್ರೀ?"

ವಿಜಯನಗರದ ಆ ಪುಟ್ಟ ಟ್ರಾವೆಲ್ ಆಫೀಸಿನ ಗಾಜಿನ ಬಾಗಿಲು ತಳ್ಳಿಕೊಂಡು ಬಂದವನ ಮೊದಲ ಮಾತೇ ಇದು. ಮೊಣಕೈವರೆಗೂ ಜೋಳದ ಹಿಟ್ಟು. ಹಿಂದೆಯೇ ಇಳಕಲ್ ಸೀರೆಯ ಅಜ್ಜಿಯೊಬ್ಬಳು ಬಂದು, ಇವನ್ಯಾರೋ ತಾನ್ಯಾರೋ ಎಂಬಂತೆ ಕುರ್ಚಿ ಎಳೆದುಕೊಂಡು ಕೂತಳು.

ಸಂಘಮಿತ್ರಾ ಫೋನ್ ಕೆಳಗಿಟ್ಟಳು. ಇಟಲಿಗೆ ಗುಂಪು ಕರೆದುಕೊಂಡು ಹೋಗುವವಳು ಅವಳೇ.

"ನಾನೇ ಸಾರ್. ಅಜ್ಜಿಗೆ ಬೇಡ ಅಂದ್ರೆ ಕ್ಯಾನ್ಸಲ್ ಮಾಡ್ತೀನಿ."

"ಬ್ಯಾಡ ಅಂದವ್ರ್ಯಾರು?" ಅಜ್ಜಿ ಕೇಳಿದಳು.

"ರೋಮೂ ಇಲ್ಲ, ವೆನಿಸ್ಸೂ ಇಲ್ಲ. ದಕ್ಷಿಣದ ತುದೀಲಿ ಪುಲಿಯಾ ಅಂತೆ. ಅಲ್ಲಿ ಏನಿದೆ ಅಂತ ಹೋಗ್ಬೇಕು?"

"ಅಲ್ಲಿ ಹೆಣ್ಮಕ್ಳು ಓಣ್ಯಾಗ ಕುಂತು ನಮ್ಹಂಗ ಹಿಟ್ಟು ಹೊಸೀತಾರ. ಮೊಬೈಲಿನ್ಯಾಗ ನೋಡೀನಿ. ಅವ್ರ ಕೂಡ ಒಮ್ಮೆ ಕುಂದರಬೇಕು ನಾ."

ಅವನು ಸಿದ್ದಲಿಂಗೇಶ್. ವಿಜಯನಗರ ಮೆಟ್ರೋ ಎದುರಿಗೆ ಅವನದೊಂದು ಖಾನಾವಳಿ. ಅಜ್ಜಿ ಕಸ್ತೂರೆವ್ವ ಹಟ ಹಿಡಿದರೆ ಮುಗೀತು. ಒಬ್ಬಳನ್ನೇ ಕಳಿಸಲು ಅವನಿಗೆ ಮನಸ್ಸಿಲ್ಲ. ಜಗಳಕ್ಕೆ ಬಂದವನು ತನಗೂ ಒಂದು ಟಿಕೆಟ್ ಮಾಡಿಸಿಕೊಂಡು ಹೋದ.

'ಎಂಥಾ ಮುಂಗೋಪಿ...' ಎಂದುಕೊಂಡ ಸಂಘಮಿತ್ರಾ, ಅವನು ಮೆಟ್ಟಿಲಿಳಿದು ರಸ್ತೆ ದಾಟುವವರೆಗೂ ನೋಡುತ್ತಲೇ ಇದ್ದಳು. ಯಾಕೆ ಅಂತ ಅವಳನ್ನೇ ಕೇಳಬೇಕು.

ಪುಲಿಯಾದಲ್ಲಿ ಆ ಮುಂಗೋಪಿ ಬೇರೆಯೇ ಮನುಷ್ಯನಾದ. ಆಲ್ಬೆರೊಬೆಲ್ಲೊದಲ್ಲಿ ಗಾರೆಯಿಲ್ಲದೆ ಕಲ್ಲಿನ ಮೇಲೆ ಕಲ್ಲಿಟ್ಟ ಚೂಪು ಚಾವಣಿಯ ಮನೆಗಳನ್ನು ಎಲ್ಲರೂ ಬಾಯಿಬಿಟ್ಟು ನೋಡುತ್ತಿದ್ದರೆ, ಅವನು ಹಿಂದುಳಿದ ವಯಸ್ಸಾದವರ ಕೈ ಹಿಡಿದು ಏರು ಹತ್ತಿಸುತ್ತಿದ್ದ. ಅಲ್ಲಿನವರು ಒಣ ಬೇಳೆಯನ್ನು ನುಣ್ಣಗೆ ಬೇಯಿಸಿ, ಕಹಿ ಸೊಪ್ಪಿನ ಜೊತೆ ಬಡಿಸಿದಾಗ ಕಸ್ತೂರೆವ್ವ ಬೆರಳು ಚೀಪಿ, "ಇದಕ್ಕೊಂದು ರೊಟ್ಟಿ ಇದ್ದಿದ್ರ" ಎಂದಳು.

ಗುಂಪಿನಲ್ಲಿ ಹೆಚ್ಚಿನವರು ಸಸ್ಯಾಹಾರಿಗಳು. ಆ ಕಡೆ ಸೊಪ್ಪಿನ ಪಾಸ್ತಾದಲ್ಲೂ ಮೀನಿನ ಚೂರು ಕರಗಿಸುತ್ತಾರೆ. ಹಾಗಾಗಿ ಹೋದಲ್ಲೆಲ್ಲ ಸಂಘಮಿತ್ರಾ ಅಡುಗೆಮನೆ ಬಾಗಿಲಲ್ಲಿ ನಿಂತು ವಿಚಾರಿಸಬೇಕು. ಎಲ್ಲರದೂ ಮುಗಿಯುವ ಹೊತ್ತಿಗೆ ಅವಳ ತಟ್ಟೆ ತಣ್ಣಗಾಗಿರುತ್ತಿತ್ತು.

ಒಂದು ಮಧ್ಯಾಹ್ನ ಸಿದ್ದು ಅವಳ ಮುಂದೆ ಟೊಮೆಟೊ ಹಚ್ಚಿದ ದಪ್ಪ ರೊಟ್ಟಿಯ ತುಂಡು ಇಟ್ಟ. ಮೇಲೆ ಶೇಂಗಾ ಚಟ್ನಿಪುಡಿ.

"ಇನ್ನೂ ಬಿಸಿ ಇದೆ. ಮೊದಲು ತಿನ್ನಿ. ಅವರಿಗೆಲ್ಲ ನಾನು ಬಡಿಸ್ತೀನಿ."

'ಮನೆ ಬಿಟ್ಟರೆ ನೀನು ತಿಂದೆಯಾ ಅಂತ ಕೇಳಿದವರು ಯಾರಿದ್ದಾರೆ...' ಅವಳು ಕೂತು ತಿನ್ನತೊಡಗಿದಳು.

ಬಾರಿ ಪಟ್ಟಣದ ಹಳೇ ಓಣಿಗೆ ಹೋದದ್ದು ಕೊನೆಯ ದಿನ. ಮನೆ ಬಾಗಿಲಲ್ಲಿ ಹಲಗೆ ಹಾಕಿಕೊಂಡು ಹೆಂಗಸರು ರವೆಯ ಹಿಟ್ಟನ್ನು ಚಾಕುವಿನಿಂದ ಎಳೆದು, ಹೆಬ್ಬೆರಳಲ್ಲಿ ಮಗುಚಿ ಪುಟ್ಟ ಕಿವಿಗಳಂಥ ಪಾಸ್ತಾ ಮಾಡುತ್ತಿದ್ದರು. ಕಸ್ತೂರೆವ್ವ ಬ್ಯಾಗಿನಿಂದ ಒಂದು ಗಂಟು ತೆಗೆದಳು. ಮನೆಯಿಂದ ತಂದ ರವೆ. ಒಬ್ಬ ಮುದುಕಿಯ ಪಕ್ಕ ಕೂತು ಕಲಸತೊಡಗಿದಳು. ಭಾಷೆ ಬರದ ಇಬ್ಬರೂ ಕಕ್ಕುಲಾತಿಯಿಂದ ನಗಾಡುತ್ತಿದ್ದರು.

"ನಮ್ಮಲ್ಲಿ ಹಿಂಗ ಸೌತಿಬೀಜ ಹೊಸೀತೀವಿ, ಮದುವಿ ಪಾಯಸಕ್ಕ," ಎಂದಳು ಸಂಘಮಿತ್ರಾಗೆ. "ಸೌತಿಕಾಯಿ ಬೀಜದಷ್ಟ ಸಣ್ಣದು. ಇದು ನಮ್ಮ ಸಿದ್ದೂನ ಮದುವಿ ಹಿಟ್ಟು, ಹುಡುಗಿ ಸಿಗೂದೊಂದ ಬಾಕಿ." ಆಮೇಲೆ ತಲೆಯೆತ್ತದೆಯೇ, "ನೀವು ಯಾವ ಪೈಕಿ ಅವ್ವಾ?"

ಕೇಳದೆ ಬಿಡುವವರು ಯಾರು? ಸಂಘಮಿತ್ರಾ ಮುಚ್ಚಿಡುವವಳಲ್ಲ. "ನಮ್ಮನೇಲಿ ಬುದ್ಧನ ಫೋಟೋ ಇದೆ ಅಜ್ಜಿ. ನಿಮ್ಮ ಪೈಕಿ ಅಲ್ಲ. ನಿಮ್ಮವರು ನಮ್ಮನೇಲಿ ನೀರೂ ಕುಡಿಯಲ್ಲ."

ಕಸ್ತೂರೆವ್ವನ ಕೈ ನಿಂತಿತು. ಏನೂ ಅನ್ನಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಹಿಟ್ಟಿದ್ದ ಹಲಗೆಯನ್ನು ಅವಳ ಮುಂದಕ್ಕೆ ಸರಿಸಿದಳು. ಸಂಘಮಿತ್ರಾ ಮಾಡಿದ ಕಿವಿಗಳು ಅಂಚು ದಪ್ಪವಾಗಿ ಸೊಟ್ಟಗೆ ಬಂದವು. ಆದರೆ ಅವಳ ತಲೆಯಲ್ಲಿ ಉಳಿದದ್ದು ಆ ಮೌನ ಮಾತ್ರ.

ಅವತ್ತು ಸಂಜೆ ಸಮುದ್ರದ ದಂಡೆಯಲ್ಲಿ ಸಿದ್ದು ಹತ್ತಿರ ಬಂದ. "ಊರಿಗೆ ಹೋದ್ಮೇಲೆ ನಿಮ್ಮ ಹತ್ರ ಒಂದು ಮಾತಾಡ್ಬೇಕು."

"ಈಗ್ಲೇ ಹೇಳಿ."

"ಮೊದಲು ಅಜ್ಜಿಗೆ ಹೇಳ್ಬೇಕು."

ಅಲ್ಲಿಂದ ಶುರುವಾಯಿತು ನೋಡಿ ಅವಳ ತಳಮಳ. ಊರಿಗೆ ಬಂದ ಮೇಲೆ ಕೂತರೆ ಕೂರಲಾಗದು, ನಿಂತರೆ ನಿಲ್ಲಲಾಗದು. ಫೋನ್ ಸದ್ದಾದರೆ ಓಡಿ ಹೋಗಿ ನೋಡುತ್ತಿದ್ದಳು. ಅವನದಲ್ಲ. ಕಡೆಗೆ ಪ್ರವಾಸದ ಫೋಟೋ ಕೊಡುವ ನೆಪ ಮಾಡಿಕೊಂಡು ಖಾನಾವಳಿಯ ಮೇಲಿನ ಅವನ ಮನೆಗೆ ತಾನೇ ಹೋದಳು.

ಮಹಡಿ ಮೆಟ್ಟಿಲಲ್ಲಿ ಅವನ ಚಿಕ್ಕಮ್ಮ ಜಗದಾಂಬಾ ಎದುರಾದಳು. "ಎಲ್ರೂ ಮ್ಯಾಲೆ ಅದಾರವ್ವ. ಸಿದ್ದೂನ ಮದುವಿ ಹಿಟ್ಟು ಒಣಾ ಹಾಕೀವಿ."

ತಾರಸಿಯ ಬಾಗಿಲಿನಿಂದಲೇ ಕಂಡಿತು. ಬಿಳಿ ಪಂಚೆಯ ಮೇಲೆ ಹರಡಿದ ಹಿಟ್ಟಿನ ಚೂರುಗಳು. ಬೆನ್ನು ಮಾಡಿ ಕೂತ ಹೆಂಗಸರು. ಅವರ ನಗು.

'ಆಯ್ತಲ್ಲ... ಹುಡುಗಿ ಗೊತ್ತಾಗಿದೆ. ಅಜ್ಜಿ ಅವತ್ತು ಸುಮ್ಮನಾದದ್ದು ಇದಕ್ಕೇ.'

ಹತ್ತಿರ ಹೋಗದೆ ಇಳಿದು ಬಂದಳು. ಅವತ್ತಿನಿಂದ ಅವನ ಖಾನಾವಳಿ ಕಣ್ಣಿಗೆ ಬೀಳಬಾರದೆಂದು ಒಂದು ನಿಲ್ದಾಣ ಮೊದಲೇ, ಅತ್ತಿಗುಪ್ಪೆಯಲ್ಲಿ ಮೆಟ್ರೋ ಇಳಿದು ಆಫೀಸಿಗೆ ನಡೆಯುತ್ತಿದ್ದಳು. ಈಗ ಅವನ ಫೋನ್ ಬರುತ್ತಿತ್ತು. ಅವಳು ಎತ್ತುತ್ತಿರಲಿಲ್ಲ. ಮನೆಯಲ್ಲಿ ಅಮ್ಮ ಕೇಳಿದರೆ ತಲೆನೋವು ಅನ್ನುತ್ತಿದ್ದಳು. ನೋವು ಎಲ್ಲಿತ್ತು ಅಂತ ಅಮ್ಮನಿಗೆ ಗೊತ್ತಾಗದೆ ಇರುತ್ತದೆಯೇ?

ಒಂದು ಭಾನುವಾರ ಬೆಳಿಗ್ಗೆ ಗಾಜಿನ ಬಾಗಿಲು ಮತ್ತೆ ಅದೇ ಜೋರಿನಲ್ಲಿ ತೆರೆಯಿತು.

"ಫೋನ್ ಯಾಕ್ರೀ ಎತ್ತಲ್ಲ?"

"ಮದುವೆ ಮನೆಯವರಿಗೆ ನನ್ನ ಹತ್ರ ಏನು ಕೆಲಸ? ನಾನು ನೋಡ್ದೆ ಸಿದ್ದಲಿಂಗೇಶ್ ಅವರೇ. ಸೌತಿಬೀಜ ಒಣಗ್ತಾ ಇತ್ತು."

ಸಿದ್ದು ಸ್ಟೀಲ್ ಡಬ್ಬಿಯೊಂದನ್ನು ಮೇಜಿನ ಮೇಲಿಟ್ಟು ಮುಚ್ಚಳ ತೆಗೆದ. "ಹತ್ತಿರ ಹೋಗಿ ನೋಡಿದ್ರಾ?"

ಡಬ್ಬಿಯಲ್ಲಿ ಇದ್ದದ್ದು ಸೌತಿಬೀಜ ಅಲ್ಲ. ಪುಟ್ಟ ಕಿವಿಗಳು. ಒಂದೊಂದರದೂ ಅಂಚು ದಪ್ಪ, ಆಕಾರ ಸೊಟ್ಟ.

"ಹೊಸ ಸೊಸೆಗೆ ಮಾಡೋಕೆ ಬರೋದು ಇದೊಂದೇ, ಮದುವೆ ಪಾಯಸಕ್ಕೂ ಇದೇ ಇರ್ಲಿ ಅಂದ್ರು ಅಜ್ಜಿ. ಸೊಟ್ಟಗೇ ಮಾಡ್ಬೇಕು ಅಂತ ನಮ್ಮ ಚಿಕ್ಕಮ್ಮನಿಗೆಲ್ಲ ಹೇಳಿಕೊಟ್ಟಿದಾರೆ."

ಸಂಘಮಿತ್ರಾಳ ಕಣ್ಣು ಮಂಜಾಯಿತು. "ಅವತ್ತು ನಾನು ಯಾರು ಅಂತ ಹೇಳ್ದಾಗ ಅಜ್ಜಿ ಸುಮ್ಮನಾಗಿಬಿಟ್ರು."

"ಸುಮ್ಮನಾಗಿ ಏನ್ ಮಾಡಿದ್ರು?"

"...ಹಲಗೆ ನನ್ನ ಮುಂದೆ ಸರಿಸಿದ್ರು."

"ನಮ್ಮಲ್ಲಿ ಮದುವೆ ಹಿಟ್ಟನ್ನ ಮನೆ ಹೆಣ್ಮಕ್ಕಳು ಬಿಟ್ಟು ಬೇರೆ ಯಾರೂ ಮುಟ್ಟೋ ಹಾಗಿಲ್ಲ. ನಾನೂ ಮುಟ್ಟಿಲ್ಲ. ಊರಿಗೆ ಬಂದ್ಮೇಲೆ ನಮ್ಮ ನೆಂಟರಿಷ್ಟರ ಜೊತೆ ಗುದ್ದಾಡ್ತಿದ್ದೆ, ಅದಕ್ಕೇ ಮೊದಲು ಫೋನ್ ಮಾಡಿರಲಿಲ್ಲ. ಅಜ್ಜಿ ನಿಮ್ಮನ್ನ ಕೇಳೋಕೆ ಮುಂಚೆನೇ ಕಲಸಿಬಿಟ್ರು. ನಾನು ಈಗ ಕೇಳ್ತಾ ಇದೀನಿ. ನಂಗೆ ನೀವು ಬೇಕು."

ಅವಳು ಕಣ್ಣೊರೆಸಿಕೊಂಡಳು. "ನಂಗೂ ನೀವೇ ಬೇಕು. ಆದ್ರೆ ಬಾಪೂಜಿನಗರಕ್ಕೆ ಬಂದು ನಮ್ಮಪ್ಪನ್ನ ಕೇಳ್ಬೇಕು. ನಮ್ಮನೇಲಿ ಕೂತು ಊಟ ಮಾಡ್ಬೇಕು. ಅಜ್ಜೀನೂ."

"ಅಜ್ಜಿ ಕೆಳಗೆ ಆಟೋದಲ್ಲಿ ಕೂತಿದಾರೆ. ಬೆಳಿಗ್ಗೆಯಿಂದ ಏನೂ ತಿಂದಿಲ್ಲ. ಬೀಗರ ಮನೇಲೇ ಉಣ್ತೀನಿ ಅಂತ ಹಟ."

ಸಂಘಮಿತ್ರಾ ಕಿಟಕಿಯಿಂದ ಬಗ್ಗಿ ನೋಡಿದಳು. ಇಳಕಲ್ ಸೆರಗು ಆಟೋದಿಂದ ಹೊರಗೆ ಇಣುಕುತ್ತಿತ್ತು.

"ಅಮ್ಮಂಗೆ ಹೇಳೇ ಇಲ್ಲ. ಇವತ್ತು ಬರೀ ಸೊಪ್ಪಿನ ಸಾರು, ಮುದ್ದೆ," ಎಂದಳು. ಅಳುತ್ತಲೇ ನಕ್ಕಳು. "ಮೀನಿಲ್ಲ. ನಾನು ಗ್ಯಾರಂಟಿ."

"ಹಾಗಾದ್ರೆ ಅಡುಗೆಮನೆ ಬಾಗಿಲಲ್ಲಿ ನಿಲ್ಲಬೇಡಿ. ನಮ್ಮ ಜೊತೆ ಕೂತ್ಕೊಂಡು ಬಿಸಿಬಿಸಿ ತಿನ್ನಿ," ಎಂದ ಸಿದ್ದು.